ನಲವತ್ತೊಂದು ಬೀಗದ ಕೈ

ಮೊದಲು ಕೋಟೆ ಬಂತು, ಊರು ಆಮೇಲೆ.
ಕಲ್ಲು ಹೊತ್ತವರಿಗೆ ರೊಟ್ಟಿ ಬೇಕಿತ್ತು,
ರೊಟ್ಟಿ ಸುಡುವವಳಿಗೆ ಒಂದು ಮಾಡು,
ಅವಳ ಪಕ್ಕಕ್ಕೆ ಬೂಟು ಹೊಲಿಯುವವನು,
ಅವನ ಪಕ್ಕಕ್ಕೆ ಬಿಯರ್ ಮಾರುವ ವಿಧವೆ.
ಹಡಗಿನ ತಳಕ್ಕೆ ಚಿಪ್ಪು ಕಚ್ಚಿಕೊಂಡ ಹಾಗೆ
ಇಳಿಜಾರಿಗೆ ಕಚ್ಚಿಕೊಂಡಿತು ನಮ್ಮ ಸ್ಕಾನ್ಸೆವಿಕ್.

ಕಟ್ಟಿಸಿದ ರಾಜ ಒಮ್ಮೆಯೂ ಇತ್ತ ಬರಲಿಲ್ಲ.
ನಕ್ಷೆಯ ಮೇಲೆ ಬೆರಳಿಟ್ಟು ‘ಇಲ್ಲಿ’ ಎಂದನಂತೆ.
ಆ ಬೆರಳು ಎತ್ತುವಷ್ಟರಲ್ಲಿ
ಎಂಬತ್ತು ವರ್ಷ, ಸರಪಳಿ ತೊಟ್ಟ ಮುನ್ನೂರು ಬೆನ್ನು.

ನಾನು ಒಡ್ನಿ. ಬೇಸಿಗೆಯಲ್ಲಿ ಕೋಟೆ ತೋರಿಸುತ್ತೇನೆ,
ಚಳಿಗಾಲದಲ್ಲಿ ಅದರ ಬಾಗಿಲು ಹಾಕುತ್ತೇನೆ.
ಇದು ಕಂದಕ, ಬಾತುಕೋಳಿಗಳ ವಶದಲ್ಲಿದೆ.
ಇದು ಮದ್ದಿನ ಮನೆ, ಈಗ ಒಳಗೆ ಚೀಸ್ ಹದವಾಗುತ್ತದೆ.
ಇದು ತೋಪು, ಕೋಪದಿಂದ ಹಾರಿದ್ದು ಒಂದೇ ಸಲ,
ಬಡಿದದ್ದು ನಮ್ಮದೇ ಚರ್ಚಿನ ಗೋಪುರಕ್ಕೆ.
‘ಎಂದೂ ಶರಣಾಗದ್ದು’ ಎಂದು ಹೆಬ್ಬಾಗಿಲ ಮೇಲೆ ಕೆತ್ತಿದ್ದಾರೆ.
ಶರಣು ಕೇಳಲು ಬಂದವರು ಒಂದೇ ಸಲ ಬಂದರು
ಎನ್ನುವುದನ್ನು ಕೆತ್ತಿಲ್ಲ.

ಆ ಚಳಿಗಾಲ ಕೊಲ್ಲಿ ಹೆಪ್ಪುಗಟ್ಟಿ
ಶತ್ರು ನಡೆದೇ ಬಂದ,
ಬಂಡಿ ಕುದುರೆ ಸಮೇತ, ಸಂತೆಗೆ ಬರುವವರ ಹಾಗೆ.
ಊರಿನ ಮನೆಗಳಲ್ಲಿ ಒಲೆ, ಒಣಮೀನು, ಹಾಸಿಗೆ.
ಅವನು ಹಿಮ ಕರಗುವವರೆಗೂ ಕಾಲು ಚಾಚಿ ಮಲಗಬಹುದಿತ್ತು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರ ಗಾದೆ ಬೇರೆ.
ನಮ್ಮವರ ಬಾವಿ ತುಂಬಿತ್ತು.
ಕೊಳ್ಳಿ ಇಟ್ಟವರು ಅವರೇ.

ಕೋಟೆಯ ಗುಮಾಸ್ತ ಒಂದೊಂದನ್ನೂ ಬರೆದಿಟ್ಟಿದ್ದಾನೆ:
ಬಡಗಿ ಟೋರ್ಕೆಲ್. ಮನೆ ಒಂದು, ಕಿಟಕಿ ಎರಡು, ಗಾಜು ಹೊಸದು.
ಸುನ್ನಿವಾ, ಗಂಡನಿಲ್ಲದವಳು. ಮನೆ ಒಂದು.
ಹಿಟ್ಟಿನ ಮರಿಗೆ ಹೊರಗೆ ತಂದಳು.
ತೊಟ್ಟಿಲು ತರಲಿಲ್ಲ.
(ಅದು ಖಾಲಿ ಎಂದು ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ.)

ಈ ಗಾಜಿನ ಪೆಟ್ಟಿಗೆಯಲ್ಲಿ ನಲವತ್ತೊಂದು ಬೀಗದ ಕೈ.
ಬಾಗಿಲು ಒಂದೂ ಉಳಿದಿಲ್ಲ.
ಮೊನ್ನೆ ನಾಲ್ಕನೇ ತರಗತಿಯ ಹುಡುಗನೊಬ್ಬ
ಗಾಜಿಗೆ ಮೂಗು ಒತ್ತಿ ಕೇಳಿದ:
“ಸುಡೋ ಮನೆಗೆ ಬೀಗ ಯಾಕೆ ಹಾಕಿದ್ರು?”

ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ.
ತ್ಯಾಗ ಎನ್ನುತ್ತೇನೆ, ಕೆಚ್ಚು ಎನ್ನುತ್ತೇನೆ,
ಇಸವಿ, ತಾರೀಖು, ಗಾಳಿ ಬೀಸಿದ ದಿಕ್ಕು.
ಇದನ್ನು ಯಾರೂ ಕೇಳಿರಲಿಲ್ಲ.
ಟೀಚರು ಅವನ ಟೋಪಿ ಕಿವಿಯವರೆಗೆ ಎಳೆದು
ತೋಪಿನ ಕಡೆ ಕರೆದೊಯ್ದಳು.

ನಮ್ಮೂರಲ್ಲಿ ಮಾತು ಎಣಿಸಿ ಖರ್ಚು ಮಾಡುತ್ತಾರೆ.
ಸಾವಿನ ಮನೆಗೆ ಬಂದವರು ಕಾಫಿ ಕುಡಿದು
ಅಂಗಳದ ಹಿಮ ಸರಿಸಿ ಹೋಗುತ್ತಾರೆ, ಅಷ್ಟೇ.
ಕಾಗದದ ಗಿರಣಿ ಮುಚ್ಚಿದ ದಿನ
ನನ್ನ ಗಂಡ ಆಸ್ಮುಂಡ್ ಎರಡು ಗಂಟೆ ತಡವಾಗಿ ಬಂದ.
ಯಂತ್ರ ಒರೆಸಿ, ಎಣ್ಣೆ ಬಿಟ್ಟು, ಹೊದಿಕೆ ಹೊದಿಸಿ ಬಂದೆ ಎಂದ.
ಬೆಳಿಗ್ಗೆ ಗುಜರಿಯ ಲಾರಿ ಬರುವುದು
ಅವನಿಗೂ ಗೊತ್ತಿತ್ತು.

ಶನಿವಾರ ಸೇತುವೆ ದಾಟಿ ಶತ್ರುವಿನ ಊರಿಗೆ ಹೋಗುತ್ತೇವೆ.
ಅಲ್ಲಿ ಹಂದಿಮಾಂಸ ಅಗ್ಗ, ತಂಬಾಕೂ ಅಗ್ಗ.
ಅಂಗಡಿಯವಳ ಮುತ್ತಜ್ಜನ ಮುತ್ತಜ್ಜ
ಹಿಂದಿರುಗುವಾಗ ಇದೇ ಮಂಜುಗಡ್ಡೆಯ ಮೇಲೆ
ಮೂರು ಬೆರಳು ಬಿಟ್ಟುಹೋದನಂತೆ.
ಚಿಲ್ಲರೆ ಎಣಿಸುತ್ತ ‘ಚಳಿ’ ಎನ್ನುತ್ತಾಳೆ.
‘ಚಳಿ’ ಎನ್ನುತ್ತೇನೆ.
ಆ ಪದ ಎರಡು ಭಾಷೆಯಲ್ಲೂ ಹೆಚ್ಚುಕಡಿಮೆ ಒಂದೇ.

ಈ ತಿಂಗಳು ಮೂರೂವರೆಗೇ ಕತ್ತಲು.
ದೀಪ ಆರಿಸುವ ಮುಂಚೆ ಇವತ್ತು ಮತ್ತೆ ಬಗ್ಗಿ ನೋಡಿದೆ.
ಹದಿನೇಳನೆಯದರ ಹಲ್ಲು ಮುರಿದಿದೆ,
ಅವಸರದಲ್ಲಿ ತಿರುಗಿಸಿರಬೇಕು, ಅಥವಾ
ಎರಡು ಸಲ ತಿರುಗಿಸಿರಬೇಕು.
ಹುಡುಗನಿಗೆ ನಾಲ್ಕು ಸಾಲು ಬರೆಯೋಣವೆಂದುಕೊಂಡೆ,
ಹೆಸರು ಕೇಳಿಟ್ಟುಕೊಂಡಿರಲಿಲ್ಲ.

ಬಾಗಿಲು ಹಾಕಿದೆ.
ಇಳಿಜಾರಿನ ಅರ್ಧದಲ್ಲಿ, ಯಾಕೋ, ನಿಂತು
ಜೇಬು ಮುಟ್ಟಿ ನೋಡಿಕೊಂಡೆ.